ಬೋಟಿನಲ್ಲಿ ಬಿಸಿನೀರು ಕಾಯಿಸಲು ಹೋಗಿ

ಪಕ್ಕದ ಬೋಟಿನ ಅಜ್ಜಿ ಕಿಟಕಿಯ ಗಾಜಿನಲ್ಲಿ ಕೆಂಡ ಕಂಡು, ನಮ್ಮನ್ನು ಕೇಳದೆಯೇ ಒಳಗೆ ನುಗ್ಗಿ, ಬಾಗಿಲು ಕಿಟಕಿ ತೆರೆದು, ಕೆಂಡದ ಒಲೆಯನ್ನು ಎತ್ತಿ ಹೊರಗಿಟ್ಟರು.

ವೀಕೆಂಡಿಗೆಂದು ಸಾಸಲಿಟೊ ಎಂಬ ಕಡಲ ದಂಡೆಯ ಊರಿನಲ್ಲಿ ಬಾಡಿಗೆಗೆ ಹಿಡಿದ ಬೋಟು ಅದು. ಎಂಜಿನ್ ಓಡಿದರಷ್ಟೇ ನೀರು ಬಿಸಿಯಾಗುತ್ತದೆ ಅಂದುಕೊಂಡಿದ್ದೆವು. ದಡದಲ್ಲಿ ಎಂಜಿನ್ ಓಡಿಸುವಂತಿರಲಿಲ್ಲ. ನನ್ನ ಮಗಳಿಗೆ ಎಣ್ಣೆ ಹಚ್ಚಿದ್ದ ಅಮ್ಮ, ಬಾರ್ಬೆಕ್ಯೂ ಇದ್ದಿಲು ಹೊತ್ತಿಸಿ ನೀರಿಟ್ಟಿದ್ದರು. ಚಳಿಯೆಂದು ಬಾಗಿಲು ಮುಚ್ಚಿದ್ದು ನಾನೇ. ನನಗೆ ತಲೆ ಭಾರವಾಗಿತ್ತು, ಕೂಸು ತೂಕಡಿಸುತ್ತಿತ್ತು.

"ಮುಚ್ಚಿದ ಜಾಗದಲ್ಲಿ ಇದ್ದಿಲಿನಿಂದ ಬರೋ ಗ್ಯಾಸು ಕಣ್ಣಿಗೆ ಕಾಣಲ್ಲ, ಪ್ರಾಣ ತೆಗೆಯುತ್ತೆ" ಎಂದು ಅಜ್ಜಿ ಇಂಗ್ಲಿಷಿನಲ್ಲಿ ಗದರಿದರು. ಅವರೇ ಕರೆಸಿದ ಆಂಬುಲೆನ್ಸಿನವರು ನಮ್ಮನ್ನು ಪರೀಕ್ಷಿಸಿ, ಯಾರಿಗೂ ಏನೂ ಆಗಿಲ್ಲ ಎಂದರು. ಆಮೇಲೆ ಅಜ್ಜಿ ದಡದ ಕರೆಂಟಿಗೆ ಬೋಟಿನ ವೈರು ಸಿಕ್ಕಿಸಿ, ಗೀಸರಿನ ಸ್ವಿಚ್ಚು ತೋರಿಸಿದರು.

ಮಧ್ಯಾಹ್ನ ಅಮ್ಮ ತಲೆಗೆ ನೀರು ಹುಯ್ದಾಗ ಮಗಳು ಕಿರುಚಿ ಅತ್ತಳು. ಮಗುವಿನ ಅಳು ಅಷ್ಟು ಹಿತವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ.