ಹನ್ನೆರಡಲ್ಲ, ಐದು ಗುಲಗಂಜಿ

ಹೋದ ಭಾನುವಾರ ಅಜ್ಜಿಯ ಎಡಗಿವಿಯ ಬೆಂಡೋಲಿಯ ತಿರುಪು ಸವೆದು, ಸಡಿಲಾಗಿ ಬಿತ್ತು. ಅದನ್ನು ಜೋಪಾನವಾಗಿ ಇಡಲು ಚಿಕ್ಕ ಡಬ್ಬಿ ಬೇಕಿತ್ತು. ಕಪಾಟಿನಲ್ಲಿ ಕೈಯಾಡಿಸಿದಾಗ ವರ್ಷಗಟ್ಟಲೆ ಮುಟ್ಟದ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಹುಣಸೆಹುಳಿಯ ಮಂದ ವಾಸನೆ, ಒಳಗೆ ಐದು ಗುಲಗಂಜಿ. ಕೆಂಪು ಮೈ, ಕಪ್ಪು ಕಣ್ಣು. ಇಷ್ಟು ವರ್ಷ ವಾಸನೆ ಉಳಿಯುವುದು ಸಾಧ್ಯವೇ ಎಂದು ನನ್ನೊಳಗಿನ ವಾದಗಾತಿ ಕೇಳಿದಳು. ಸಾಧ್ಯವಿಲ್ಲ, ಬಹುಶಃ ನಾನೇ ಕಲ್ಪಿಸಿಕೊಂಡೆ. ಆದರೂ ಗಜೇಂದ್ರಗಡದ ಆ ಓಣಿ, ಆ ಕಟ್ಟೆ, ಅದರ ಮೇಲೆ ಬಗ್ಗಿ ಕೂತು ಅರ ಉಜ್ಜುವ ಅಕ್ಕಸಾಲಿಗ, ಪತ್ತಾರ ಕಾಕಾ...

ನಮ್ಮೂರು ಸೂಡಿಯ ಎಷ್ಟೋ ಹೆಂಗಸರ ಕಿವಿಮೂಗಿನ ಬಂಗಾರ ಅವರ ಕೈಯಲ್ಲೇ ಆದದ್ದು. ಒಡವೆ ತೊಳೆಯಲು ಹುಣಸೆನೀರಿನ ಬಟ್ಟಲು ಸದಾ ಪಕ್ಕದಲ್ಲಿರುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ಪುಟ್ಟ ತಕ್ಕಡಿ. ಊರಿಗೆಲ್ಲ ಗ್ರಾಂ ಬಂದರೂ ಅವರು ಸಣ್ಣ ತೂಕಕ್ಕೆ ಒಂದೇ ಅಳತೆಯ ಗುಲಗಂಜಿಗಳನ್ನು ಆರಿಸಿ ಇಟ್ಟುಕೊಂಡಿದ್ದರು.

ನಾನಾಗ ಹತ್ತನೆಯ ತರಗತಿ. ರೋಣದಲ್ಲಿ ನಡೆದ ತಾಲ್ಲೂಕು ಚರ್ಚಾಸ್ಪರ್ಧೆಯಲ್ಲಿ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರುದ್ಧವಾಗಿ ಮಾತಾಡಿ ಎರಡೂ ಸಲ ಗೆದ್ದು ಬಂದವಳು. ಸೋಲೆಂದರೆ ಎದುರಿನವರಿಗೆ ಆಗುವ ಸಂಗತಿ ಎಂದು ನಂಬಿದ್ದೆ. ಅದೇ ರೋಣದಿಂದ ಅಜ್ಜಿಯೂ ಒಂದು ಬಹುಮಾನ ತಂದಳು. ಯಾವುದೋ ಆರೋಗ್ಯ ಶಿಬಿರದಲ್ಲಿ ಮಾರುತ್ತಿದ್ದ ಅಯಸ್ಕಾಂತದ ಸೊಂಟಪಟ್ಟಿ. ರಕ್ತದಲ್ಲಿ ಕಬ್ಬಿಣ ಇರುತ್ತದೆ, ಅಯಸ್ಕಾಂತ ಅದನ್ನು ಎಳೆದು ಓಡಿಸುತ್ತದೆ, ಇನ್ನು ಬಿಪಿ ಗುಳಿಗೆ ಬೇಡ ಎಂದು ಮಾರಿದವನು ಹೇಳಿದ್ದನಂತೆ. ಅಜ್ಜಿ ಪಟ್ಟಿ ಕಟ್ಟಿದಳು, ಗುಳಿಗೆ ಬಿಟ್ಟಳು. ಒಂದು ವಾರದೊಳಗೆ ಹಿತ್ತಲಿಗೆ ಹೋಗುವಾಗ ತಲೆ ತಿರುಗಿ ಗೋಡೆ ಹಿಡಿದು ನಿಂತದ್ದನ್ನು ನಾನೇ ನೋಡಿದೆ.

ಅಪ್ಪ ಅವ್ವ ಹೇಳಿ ಸೋತಿದ್ದರು. ನಾನು ಮೂರು ದಿನ ವಾದ ಮಾಡಿದೆ. ನಾನು ಗೆದ್ದಷ್ಟೂ ಅಜ್ಜಿ ಪಟ್ಟಿಯನ್ನು ಬಿಗಿದಳು.

“ನಿನ್ನ ಬಾಯಿಗೆ ಬಹುಮಾನ ಕೊಟ್ಟಾರ, ನನ್ನ ಬಿಪಿಗಲ್ಲ. ಸುಮ್ಮನ ಕೂಡು,” ಅಂದಳು.

ಅಜ್ಜಿ ಜಗತ್ತಿನಲ್ಲಿ ಪ್ರಶ್ನೆ ಮಾಡದೆ ನಂಬುತ್ತಿದ್ದ ವಸ್ತು ಒಂದೇ, ಪತ್ತಾರ ಕಾಕಾನ ತಕ್ಕಡಿ. ಹಾಗಾಗಿ ಬೆಂಡೋಲಿಯ ತಿರುಪು ಬಿಗಿಸುವ ನೆವ ಮಾಡಿ ಅವಳನ್ನು ಬಸ್ಸು ಹತ್ತಿಸಿದೆ. ಅವರ ಕಟ್ಟೆಯ ಮುಂದೆ ಕೂತ ಕೂಡಲೇ ಮಾತು ಶುರುಮಾಡಿದೆ.

“ಕಾಕಾ, ಈ ಪಟ್ಟಿ ಸುಳ್ಳ ಐತಿ ಅಂತ ಅಜ್ಜಿಗೆ ನೀವರ ಹೇಳ್ರಿ.”

“ನಾ ಹ್ಯಾಂಗ ಹೇಳ್ಲಿ? ನಾ ಡಾಕ್ಟರಲ್ಲ,” ಎಂದರು ಅವರು ಕಣ್ಣೆತ್ತದೆ.

“ನಿಯಮ ಐತ್ರಿ. ದೂರ ಎರಡು ಪಟ್ಟಾದ್ರ ಅಯಸ್ಕಾಂತದ ಜೋರು ಕಾಲು ಭಾಗಕ್ಕ ಇಳಿತೈತಿ. ಮೈಯೊಳಗ ಹೋಗೂದ್ರಾಗ ಏನೂ ಉಳಿಯಂಗಿಲ್ಲ.”

ಅವರ ಅರ ನಿಂತಿತು. “ಕಾಲು ಭಾಗ? ತೂಗಿ ನೋಡಿಯೇನು?”

ತೂಗಿರಲಿಲ್ಲ. ಪುಸ್ತಕವೊಂದರಲ್ಲಿ ಓದಿದ್ದೆ, ಅಷ್ಟೇ.

ಕಾಕಾಗೆ ಅಯಸ್ಕಾಂತ ಹೊಸದಲ್ಲ. ಬಂಗಾರ ಉಜ್ಜುವಾಗ ಅರದ ಕಬ್ಬಿಣವೂ ಸವೆದು ಪುಡಿಯಲ್ಲಿ ಬೀಳುತ್ತದೆ. ಕಾಗದ ಸುತ್ತಿದ ಅಯಸ್ಕಾಂತವನ್ನು ಪುಡಿಯ ಮೇಲೆ ಆಡಿಸಿ ಕಬ್ಬಿಣವನ್ನು ಬೇರೆ ಮಾಡುವುದು ಅವರ ದಿನದ ಕೆಲಸ. “ಹರಿಬ್ಯಾಡಪಾ, ಹೊಸಾದೈತಿ,” ಎಂದು ಅಜ್ಜಿ ಗೊಣಗುತ್ತಿದ್ದಂತೆ ಅವರು ಪಟ್ಟಿಯ ನಾಲ್ಕು ಹೊಲಿಗೆ ಬಿಚ್ಚಿ, ಗುಂಡಿಯಂಥ ಎರಡು ಕಪ್ಪು ಅಯಸ್ಕಾಂತ ಹೊರತೆಗೆದರು.

ಒಂದನ್ನು ತಕ್ಕಡಿಯ ತಟ್ಟೆಗೆ ಅರಗಿನಿಂದ ಅಂಟಿಸಿ, ಆಚೆ ತಟ್ಟೆಯಲ್ಲಿ ಸಮತೂಕ ಇಟ್ಟರು. ಇನ್ನೊಂದನ್ನು ಮರದ ಚೂರಿನ ಮೇಲೆ ತಟ್ಟೆಯ ಕೆಳಗಿಟ್ಟರು, ಎರಡೂ ಒಂದನ್ನೊಂದು ದೂಡುವ ಹಾಗೆ. ತಟ್ಟೆ ಪಕ್ಕಕ್ಕೆ ಜಾರದಂತೆ ಎರಡು ಕಡ್ಡಿ ನಿಲ್ಲಿಸಿದರು. ಅಯಸ್ಕಾಂತದ ತಟ್ಟೆ ಮೇಲೆದ್ದಿತು. ಮುಳ್ಳು ನಡುವಿಗೆ ಬರುವ ತನಕ ಅದರಲ್ಲಿ ಗುಲಗಂಜಿ ಹಾಕುತ್ತ ಹೋದರು. ಎಷ್ಟು ಗುಲಗಂಜಿಯೋ ಅಷ್ಟು ಜೋರು. ನಡುವೆ ಅರ್ಧ ಬೆರಳಿನಷ್ಟು ಅಂತರ ಇದ್ದಾಗ ನಲವತ್ತೆಂಟು ಬೇಕಾಯಿತು.

“ಈಗ ಒಂದು ಬೆರಳು ದೂರ ಮಾಡ್ರಿ. ಹನ್ನೆರಡು ಬರತೈತಿ, ನೋಡ್ಕೋತ ಇರ್ರಿ,” ಎಂದೆ ಅಜ್ಜಿಯ ಕಡೆ ತಿರುಗಿ.

ಮರದ ಚೂರು ಬದಲಾಯಿತು. ಒಂದು, ಎರಡು, ಮೂರು, ನಾಲ್ಕು... ಐದಕ್ಕೆ ಮುಳ್ಳು ನಡುವೆ ಬಂದು ನಿಂತಿತು.

“ನಿಮ್ಮ ತಕ್ಕಡಿ ಸುಳ್ಳು ಹೇಳಾಕತ್ತೈತ್ರಿ, ಕಾಕಾ,” ಎಂದುಬಿಟ್ಟೆ.

ಪತ್ತಾರನಿಗೆ ಆ ಮಾತು ಏನೆಂದು ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. ಅವಳ ಮುಖ ಬಾಡಿತು. “ನಾಲಿಗಿಗೆ ಎಲುಬಿಲ್ಲಂತ ಬಾಯಿಗೆ ಬಂದದ್ದ ಅಂತಿಯೇನ? ಯಾರ ತಕ್ಕಡಿಗಿ ಅಂತೀ?”

ಕಾಕಾ ಮಾತ್ರ ಕೈಯೆತ್ತಿ ಅವಳನ್ನು ತಡೆದರು. “ಬಯ್ಯಬ್ಯಾಡ್ರಿ, ಅವ್ವಾರ. ಅನುಮಾನ ಬಂದ್ರ ತಟ್ಟೆ ಬದಲಿಸಿ ತೂಗು ಅನ್ನೂದು ಗಿರಾಕಿ ಹಕ್ಕ ಐತಿ. ಬಾ ತಂಗಿ, ನೀನ ಬದಲಿಸು.”

ನಾನೇ ಬದಲಿಸಿದೆ. ಐದು. ಗುಲಗಂಜಿಗಳೆಲ್ಲ ಒಂದೇ ತೂಕ ಇರುತ್ತವೆಯೇ ಎಂದು ತಕರಾರು ತೆಗೆದೆ. ಗುಲಗಂಜಿಯ ಡಬ್ಬಿಯನ್ನೇ ನನ್ನ ಮುಂದೆ ಸರಿಸಿ, “ಬ್ಯಾರೆ ಆರಿಸ್ಕೊ,” ಎಂದರು. ಆರಿಸಿಕೊಂಡೆ. ಮತ್ತೆ ಐದು.

“ನೀ ಲೆಕ್ಕದಾಗ ಬರೇ ಮಾರಿ ಹಿಡಿದಿ, ತಂಗಿ,” ಎಂದರು ಅಯಸ್ಕಾಂತದ ಮುಖವನ್ನು ನನ್ನತ್ತ ತಿರುವುತ್ತಾ. “ಇದಕ್ಕ ಬೆನ್ನೂ ಐತಲ್ಲ? ಮಾರಿ ದೂಡಾಕತ್ತಿದ್ರ ಬೆನ್ನು ಎಳ್ಯಾಕತ್ತಿರತೈತಿ. ಹತ್ರ ಇದ್ದಾಗ ಮಾರೀದ ಜೋರು. ದೂರ ಸರದ್ರ ಮಾರಿ, ಬೆನ್ನು ಎರಡೂ ಹೆಚ್ಚುಕಮ್ಮಿ ಅಷ್ಟ ದೂರ. ಒಂದರ ಜೋರನ್ನ ಇನ್ನೊಂದು ತಿಂತೈತಿ.”

ಎರಡು ಬೆರಳು ದೂರಕ್ಕೆ ಅರ್ಧ ಗುಲಗಂಜಿಯಷ್ಟೂ ಜೋರು ಉಳಿಯಲಿಲ್ಲ. ಪಟ್ಟಿ ಮಾರಿದವನು ಸೋತಿದ್ದ, ಅವನ ಜೊತೆ ನಾನೂ ಸೋತಿದ್ದೆ. ವೇದಿಕೆಯ ಮೇಲಾಗಿದ್ದರೆ ಇಂಥ ಇಕ್ಕಟ್ಟಿನಿಂದ ನುಸುಳಲು ನನಗೆ ಹತ್ತು ದಾರಿ ಗೊತ್ತಿದ್ದವು. ಆ ಮನುಷ್ಯ ತನ್ನ ತಕ್ಕಡಿಯನ್ನೇ ನನ್ನ ಕೈಗೆ ಕೊಟ್ಟ ಮೇಲೆ ಒಂದೂ ನೆನಪಾಗಲಿಲ್ಲ.

“ನಂದ ತಪ್ಪಾತ್ರಿ, ಕಾಕಾ. ತಕ್ಕಡಿ ಖರೇ ಐತಿ.”

ಅಜ್ಜಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ನಿಧಾನಕ್ಕೆ ಕೇಳಿದಳು, “ಹಂಗಾರ ಪತ್ತಾರಪ್ಪ, ರಕ್ತ ಎಳಿತೈತಿ ಅಂದಿದ್ನಲ್ಲ ಅವಾ?”

ಕಾಕಾನ ಹೆಬ್ಬೆರಳಿಗೆ ಅರ ತಾಗಿದ ಹಸಿ ಗಾಯವಿತ್ತು. ಅದನ್ನೊತ್ತಿ ಕಾಗದದ ಮೇಲೆ ಒಂದು ಹನಿ ಬೀಳಿಸಿದರು, ಪಕ್ಕದಲ್ಲಿ ಚಿಟಿಕೆ ಕಬ್ಬಿಣದ ಪುಡಿ ಇಟ್ಟರು. ಕಾಗದದ ಕೆಳಗೆ ಅಯಸ್ಕಾಂತ ಆಡಿಸಿದಾಗ ಪುಡಿ ಕೂದಲಿನಂತೆ ಎದ್ದು ನಿಂತು ಹಿಂದೆಯೇ ಓಡಿತು. ಹನಿ ಇದ್ದಲ್ಲೇ ಇತ್ತು. ಇದರಿಂದ ಅಯಸ್ಕಾಂತ ಮೈಗೆ ಏನೂ ಮಾಡುವುದಿಲ್ಲ ಎಂದು ಸಾಬೀತಾಗುವುದಿಲ್ಲ. ತೀರ್ಪುಗಾರಳಾಗಿದ್ದರೆ ನಾನೇ ಅಂಕ ಕಡಿಯುತ್ತಿದ್ದೆ. ಆದರೆ ಮಾರಿದವನು ಹೇಳಿದ್ದು ಎಳೆಯುತ್ತದೆ ಎಂದು. ಅದು ಎಳೆಯಲಿಲ್ಲ.

ತಿರುಪು ಬಿಗಿಸಿ ಕಳಿಸುವಾಗ ಕಾಕಾ ಆ ಐದು ಗುಲಗಂಜಿಗಳನ್ನು ನನ್ನ ಅಂಗೈಗೆ ಹಾಕಿದರು. “ಇದು ಸೋತದ್ದಕ್ಕ ಬಹುಮಾನ,” ಎಂದು ನಕ್ಕರು.

ಬಸ್ಸಿನಿಂದಿಳಿದ ಅಜ್ಜಿ ಮನೆ ಹೊಕ್ಕು, ಕಾಲು ತೊಳೆದು, ಪಟ್ಟಿಯನ್ನು ಗೂಟಕ್ಕೆ ನೇತುಹಾಕಿ ನನ್ನನ್ನು ಕರೆದಳು.

“ನೀರ ತಾ. ಗುಳಿಗಿ ಎಲ್ಲಿಟ್ಟೀರಿ?” ಕೊಟ್ಟೆ. ನುಂಗಿದ ಮೇಲೆ ಅಂದಳು, “ಇಷ್ಟುದ್ದ ಬಾಯಿ ಇದ್ದಾಕಿ ನೀನ ತಪ್ಪಾತು ಅಂದಿ. ಇನ್ನ ನನಗೇನ ನಾಚಿಕಿ?”

ಮೂರು ದಿನದ ನನ್ನ ವಾದಕ್ಕೆ ಆಗದ್ದು, ಒಂದು ಮಾತು ಸೋತದ್ದಕ್ಕೆ ಆಯಿತು. ಆ ಸೋಲನ್ನು ನನ್ನಿಂದ ಹೇಳಿಸಿದವರು ಕಾಕಾ. ಅದೂ ದನಿ ಎತ್ತರಿಸದೆ.

ಪುಟ್ಟ ಅಯಸ್ಕಾಂತಗಳೆರಡು ದೂರ ಇದ್ದಾಗ, ಆ ದೂರ ಇಮ್ಮಡಿಯಾದರೆ ಜೋರು ಕಾಲು ಭಾಗವಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ, ತೀರ ಹತ್ತಿರವಿದ್ದಾಗ ಇಳಿತ ಅದಕ್ಕಿಂತ ಕಡಿಮೆ ಎಂದು ಪಿಯುಸಿ ಮುಗಿಯುವ ಹೊತ್ತಿಗೆ ತಿಳಿಯಿತು. ನಲವತ್ತೆಂಟರಿಂದ ಐದು, ಹಾಗಾದರೆ ಸರಿಯೇ. ನಾನು ಓದಿದ್ದ ನಿಯಮ ಒಂಟಿ ಮುಖದ್ದು, ಬೆನ್ನಿನ ಲೆಕ್ಕವೇ ಅದರಲ್ಲಿರಲಿಲ್ಲ. ಕಾಕಾ ಸೂತ್ರವಿಲ್ಲದೆ ಹೇಳಿದ್ದು ಅದನ್ನೇ. ಹೇಳಬೇಕೆಂದು ಗಜೇಂದ್ರಗಡಕ್ಕೆ ಓಡಿದೆ. ಕಟ್ಟೆ ಖಾಲಿ ಇತ್ತು. ತೀರಿಕೊಂಡು ಎರಡು ತಿಂಗಳಾಯಿತು ಎಂದರು ಪಕ್ಕದ ಅಂಗಡಿಯವರು. ಸೂಡಿಗೆ ಸುದ್ದಿ ಮುಟ್ಟಿರಲಿಲ್ಲ. ಅವರಿಗೆ ಒಂದು ಸಲವೂ ನೆಟ್ಟಗೆ ಕೃತಜ್ಞತೆ ಹೇಳಿರಲಿಲ್ಲ...

ಈಗ ನಾನು ನರಗುಂದದ ಕಾಲೇಜೊಂದರಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಎಂಬತ್ತು ದಾಟಿದ ಅಜ್ಜಿ ದಿನವೂ ಗುಳಿಗೆ ನುಂಗಿ, ನನ್ನ ಬಾಯನ್ನು ಬಯ್ಯುತ್ತಾ ಗಟ್ಟಿಯಾಗಿದ್ದಾಳೆ. ಸೋಮವಾರ ಅವಳ ಬೆಂಡೋಲಿಯನ್ನು ಗಜೇಂದ್ರಗಡದ ಹೊಸ ಅಂಗಡಿಗೆ ಒಯ್ದೆ. ಹೊಸ ತಿರುಪಿಗೆ ಎಷ್ಟು ಬಂಗಾರ ಬೇಕೆಂದು ತೋರಿಸಲು ಹುಡುಗಿ ವಿದ್ಯುತ್ ತಕ್ಕಡಿಯ ಮೇಲೆ ಚೂರೊಂದನ್ನಿಟ್ಟಳು. ಕೆಂಪು ಅಂಕಿ ಹೊಳೆಯಿತು. ಕಾಕಾನ ತಕ್ಕಡಿಗಿಂತ ಅದು ನಿಖರ, ಅದರಲ್ಲಿ ನನ್ನ ವಾದವೇನೂ ಇಲ್ಲ. ಆದರೂ ಅಭ್ಯಾಸಬಲದಿಂದ, “ತಟ್ಟೆ ಬದಲಿಸಿ ಒಮ್ಮೆ ತೂಗ್ರಿ,” ಎಂದುಬಿಟ್ಟೆ.

ಹುಡುಗಿ ನನ್ನ ಮುಖ ನೋಡಿದಳು. “ಇದಕ್ಕ ಒಂದ ತಟ್ಟೆ ಐತ್ರಿ, ಅಕ್ಕಾರ.”

ಹೌದಲ್ಲ ಎಂದೆ. ಜೇಬಿನಲ್ಲಿದ್ದ ಗುಲಗಂಜಿಯ ಡಬ್ಬಿಯನ್ನು ಮುಟ್ಟಿ ನೋಡಿಕೊಂಡು, ಅವಳು ಹೇಳಿದ ತೂಕವನ್ನು ಒಪ್ಪಿಕೊಂಡೆ.