ನೀರಿಗಿಳಿದ ಹಲಗೆ

ಮಾಚೇನಹಳ್ಳಿಯಲ್ಲಿ ಸೋಫಾ ಹೊಲಿಯುವ ಒಬ್ಬರಿದ್ದರು. ಏನೇ ಹೊಲಿದರೂ ಅಂಗೈಯಲ್ಲಿ ಒತ್ತಿ, "ಕೂತು ನೋಡಿ" ಅನ್ನುವರು. ಸಮುದ್ರದ ಅಲೆಯ ಮೇಲೆ ನಿಂತು ಜಾರುವ ಹಲಗೆ ಬೇಕೆಂದು ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಅವರ ಹತ್ತಿರ ಹಟ ಹಿಡಿದಳು. ಅವರು ಉಳಿದ ಸ್ಪಂಜಿನ ಚೂರುಗಳನ್ನು ಅಂಟಿಸಿ, ರೆಕ್ಸಿನ್ ಹೊದಿಸಿ, ಸೋಫಾದಷ್ಟೇ ಮೆತ್ತಗೆ ಮಾಡಿಕೊಟ್ಟರು. ಭದ್ರಾ ಹೊಳೆಗೆ ಇಳಿಸಿದರೆ ಅದು ಹೊಟ್ಟೆ ತುಂಬ ನೀರು ಕುಡಿದು ತಳ ಸೇರಿತು. ಮೊಮ್ಮಗಳ ಕಣ್ಣು ತುಂಬಿತು.

"ಅಳಬೇಡ ಮಾರಾಯ್ತಿ. ಕೂರೋಕೆ ಮಾಡಿದ್ದೆ, ಈಗ ತೇಲೋಕೆ ಮಾಡ್ತೀನಿ" ಅಂದರು.

ಫ್ರಿಡ್ಜ್ ಪೆಟ್ಟಿಗೆಗಳ ಥರ್ಮಾಕೋಲ್ ಆಯ್ದು ತಂದು ಅಂಟಿಸಿದರು. ಮೀನಿನ ಮೈಯಂತೆ ನುಣ್ಣಗೆ ಉಜ್ಜಿ, ಬಟ್ಟೆ ಸುತ್ತಿ, ಗಟ್ಟಿಯಾಗುವ ಅಂಟು ಬಳಿದರು.

ಬೆಳಗಿನ ಮಂಜಿನಲ್ಲಿ ಮತ್ತೆ ಹೊಳೆಗೆ ಹೋದೆವು. ಹಲಗೆ ಎಲೆಯ ಹಾಗೆ ತೇಲಿತು. ಅದರ ಮೇಲೆ ನನ್ನ ಕೂಸು ಎದ್ದು ನಿಂತೇಬಿಟ್ಟಳು! ನನಗೆ ಕುಣಿಯುವಷ್ಟು ಸಂತೋಷ.

"ಅಜ್ಜಿ, ನೀವೂ ಬನ್ನಿ" ಅಂದರು ಸೋಫಾ ಹೊಲಿಯುವವರು, ಸೊಂಟಮಟ್ಟ ನೀರಲ್ಲಿ ನಿಂತು.

"ಈ ವಯಸ್ಸಲ್ಲಿ ನನ್ನ ಮುಳುಗಿಸ್ತೀಯೇನಪ್ಪಾ?" ಎಂದು ಬೈಯುತ್ತಲೇ ಸೀರೆ ಎತ್ತಿ ಕಟ್ಟಿ ಹಲಗೆಯ ಮೇಲೆ ಮಲಗಿದೆ. ಅವರು ಹಲಗೆ ಹಿಡಿದು, ತೊಟ್ಟಿಲು ತೂಗುವವರಂತೆ ಮೆಲ್ಲಗೆ ನಡೆದರು. ಮೇಲೂ ಮೋಡ, ಕೆಳಗೂ ಮೋಡ. ನಾನು ಕಣ್ಣು ಮುಚ್ಚಿ, "ಕೈ ಬಿಡಬೇಡಪ್ಪಾ" ಅಂದೆ.

"ಬಿಟ್ಟು ಎಷ್ಟೊತ್ತಾಯ್ತು ಅಜ್ಜಿ!" ದೂರದಿಂದ ಅವರ ನಗು ಕೇಳಿತು.