ತೋಟದೊಳಗಿನ ದಾರಿ

ಹೆಬ್ಬೂರಿನ ಶಿವಣ್ಣ ಬಹುಕಾಲದಿಂದ ಪಕ್ಕದ ತೆಂಗಿನ ತೋಟದೊಳಗಿಂದಲೇ ಡೇರಿಗೆ ಹಾಲು ಒಯ್ಯುತ್ತಿದ್ದ. ತೋಟ ಕೊಂಡ ಹೊಸಬರು ಬೇಲಿ ಹಾಕಿದರು. ಶಿವಣ್ಣ ಕೋರ್ಟಿಗೆ ಹೋದ. ಯಾರನ್ನೂ ಕೇಳದೆ ಬಹುಕಾಲ ಓಡಾಡಿ ದಾರಿ ಆತನ ಹಕ್ಕಾಗಿದ್ದರೆ ಉಳಿಯುತ್ತದೆ. ಬರೀ ಅನುಮತಿಯಾಗಿದ್ದರೆ ತೋಟ ಮಾರಿದೊಡನೆ ಮುಗಿಯುತ್ತದೆ. ಆತನ ವಕೀಲನಾಗಿ ಇದನ್ನು ಬಿಡಿಸಿ ಹೇಳಿದ್ದೆ.

ತುಮಕೂರಿನ ಕೋರ್ಟಿನಲ್ಲಿ ಎದುರು ವಕೀಲರು, “ಯಾರನ್ನ ಕೇಳಿ ಓಡಾಡ್ತಿದ್ದೆ?” ಎಂದರು.

“ಹಳೇ ಯಜಮಾನಿ ಜಯಕ್ಕನ್ನ ಸಾ. ಹೋಗು ಬುಡ್ಲಾ ಅಂದ್ರು.”

“ಬೇಡ ಅಂದಿದ್ರೆ?”

“ಅವ್ರ ತೋಟ ಅಲ್ವಾ ಸಾ? ಸುತ್ಕಂಡ್ ಹೋಗ್ತಿದ್ದೆ.”

ನ್ಯಾಯಾಧೀಶರೂ ಪೆನ್ನು ಕೆಳಗಿಟ್ಟು ಆತನನ್ನೇ ನೋಡಿದರು. ಗೆಲ್ಲಿಸುವ ಸುಳ್ಳು ಅಷ್ಟು ಹತ್ತಿರವಿದ್ದೂ ಮುಟ್ಟದವನನ್ನು ನಾನು ಕಂಡಿರಲಿಲ್ಲ.

ಹೊರಗೆ ಬಂದವನೇ ಹೊಸ ಮಾಲೀಕರ ಮುಂದೆ ನಿಂತ. “ಸ್ವಾಮಿ, ತೋಟ ಈಗ ನಿಮ್ದು. ದಾರಿ ಬಿಡ್ತೀರಾ?”

ಅವರು ತಡವರಿಸಿ, “ಮೊದ್ಲೇ ಕೇಳ್ಬಾರ್ದಿತ್ತೇನಪ್ಪಾ? ಓಡಾಡು” ಎಂದರು.

ಕೇಸು ಸೋತೆವು. ಇಂಥ ಕಕ್ಷಿದಾರರು ಹೆಚ್ಚಾದರೆ ನಾವು ವಕೀಲರೂ ಹಸು ಕಟ್ಟಬೇಕಾಗುತ್ತದೆ.